ಹಿಡಿದುಕೊಂಡ ಚರ್ಮ

ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿಯ ಎಣ್ಣೆ ಕಾದ ವಾಸನೆ ಬಂತೆಂದರೆ ಸಾಕು, ನನ್ನ ಎಡಗಾಲು ನನ್ನನ್ನು ಕೇಳದೆಯೇ ಹಿಂದೆ ಸರಿಯುತ್ತದೆ. ಅದರ ತಪ್ಪಿಲ್ಲ ಬಿಡಿ. ಹೋದ ವರ್ಷ ಕೊಡಂಬಲದಿಂದ ಅಕ್ಕ ಬಂದಿದ್ದಾಗ, "ಇವತ್ತು ಭಜಿ ನಾನ ಕರೀತೀನಿ" ಎಂದು ಲುಂಗಿ ಎತ್ತಿ ಕಟ್ಟಿ ಒಲೆಯ ಮುಂದೆ ನಿಂತವನು ನಾನು. ಬಾಣಲೆ ಮಗುಚಿತು. ಕಲಸಿದ ಹಿಟ್ಟು ಉಳಿಯಿತು, ಮೊಳಕಾಲ ಕೆಳಗಿನ ಚರ್ಮ ಉಳಿಯಲಿಲ್ಲ.

ಗಾಯ ತಾನಾಗಿ ಮಾಯುವಂಥದ್ದಾಗಿರಲಿಲ್ಲ. ಹುಮನಾಬಾದಿನ ಡಾಕ್ಟರು ತೊಡೆಯಿಂದ ತೆಳ್ಳನೆಯ ಚರ್ಮ ತೆಗೆದು ಅಲ್ಲಿ ಹಚ್ಚಿದರು. "ಮಾಸ್ತರ್ರ, ಕಾಲು ಅಳಗಾಡಿಸಬ್ಯಾಡ್ರಿ. ಚರ್ಮ ಸರದ್ರ ಹಿಡಿಯಂಗಿಲ್ಲ" ಎಂದರು. ಹೇಳಿದ್ದು ಯಾರಿಗೆ? ಕಾಲೇಜಿನಲ್ಲಿ ವರ್ಷವರ್ಷವೂ ಇದೇ ಪಾಠ ಮಾಡುವ ಜೀವಶಾಸ್ತ್ರದ ಮಾಸ್ತರನಿಗೆ! ಕಾಲು ಕಟ್ಟಿದ್ದರೇನು, ಬಾಯಿ ಕಟ್ಟಿರಲಿಲ್ಲವಲ್ಲ.

ಹೊಲ, ಎಮ್ಮೆ ಎಲ್ಲ ಬಿಟ್ಟು ಮಂಚದ ಪಕ್ಕ ಕುಳಿತ ಅಕ್ಕನೇ ನನ್ನ ವಿದ್ಯಾರ್ಥಿನಿ. ಚರ್ಮದ ಜೀವಕೋಶ ಸುಮ್ಮನೆ ಅಂಟಿಕೊಂಡಿರುವುದಿಲ್ಲ, ಅದರ ತಳದಲ್ಲಿ ನೂಲಿನಂತೆ ಹೆಣೆದ ಜಾಲವಿದೆ ಎಂದೆ. ಇಂಟೆಗ್ರಿನ್ ಎಂಬ ಪ್ರೋಟೀನು ಕೋಶದ ಪೊರೆಯನ್ನು ತೂರಿ ನಿಂತು, ಒಳಗೆ ಕೋಶದ ಹಂದರಕ್ಕೂ ಹೊರಗೆ ಆ ಜಾಲದ ಲ್ಯಾಮಿನಿನ್, ಫೈಬ್ರೊನೆಕ್ಟಿನ್‌ಗಳಿಗೂ ಕೊಂಡಿ ಹಾಕುತ್ತದೆ ಎಂದೆ. ಹಿಡಿತ ಸಿಕ್ಕರೆ ಕೋಶ ಬದುಕುತ್ತದೆ, ಸಿಗದಿದ್ದರೆ ಸಾಯುತ್ತದೆ.

"ಸಾಯ್ತದ?" ಅಕ್ಕ ಗಾಬರಿಯಾದಳು. "ಮತ್ತ ನಿಂದು ಹಿಡದದೋ ಇಲ್ಲೋ?"

"ಹಿಡಿಯಾಕತ್ತದ ಅಕ್ಕಾ. ನೋಡು, ಹಿಂಗ..." ಎಂದು ಬೆರಳುಗಳನ್ನು ಕೊಕ್ಕೆ ಮಾಡಿ ತೋರಿಸುವ ಹುರುಪಿನಲ್ಲಿ ಕಾಲೂ ಪಾಠಕ್ಕೆ ಎದ್ದಿತು.

ಅಕ್ಕ ಮೊಳಕಾಲನ್ನು ಒತ್ತಿ ಹಿಡಿದಳು. "ಸುಮ್ಮ ಬೀಳೋ! ನಿನ್ನ ಪಾಠಕ್ಕ ಹುಡುಗ್ರು ಎದ್ದು ಹೋಗ್ತಾರಂತ. ಚರ್ಮಾನೂ ಎದ್ದು ಹ್ವಾದ್ರ ಏನ್ ಮಾಡ್ಲಿ?"

ಆ ಕೈಯನ್ನು ಆಮೇಲೆ ತೆಗೆದದ್ದೇ ಅಪರೂಪ. ಉಣ್ಣುವಾಗ ಎಡಗೈ ಅಲ್ಲೇ, ತಲೆಯನ್ನು ಮಂಚಕ್ಕೆ ಆನಿಸಿ ತೂಕಡಿಸುವಾಗಲೂ ಅಲ್ಲೇ. ನಾನೂ ಪಾಠ ನಿಲ್ಲಿಸಿದೆ. ನಿಜ ಹೇಳಬೇಕೆಂದರೆ ಹೆದರಿದ್ದೆ. ಪುಸ್ತಕದಲ್ಲಿ ಸಲೀಸಾಗಿ ನಡೆಯುವುದು ನನ್ನ ಮೈಮೇಲೂ ನಡೆದೀತೆಂದು ನಂಬಿಕೆ ಬರಲಿಲ್ಲ.

ಪಟ್ಟಿ ಬಿಚ್ಚುವಾಗ ನಾನು ಛಾವಣಿ ನೋಡುತ್ತಿದ್ದೆ. "ಹಿಡದದ್ರಿ," ಎಂದರು ಡಾಕ್ಟರು. "ಈ ಒಂದು ಮೂಲಿ ಅಷ್ಟ ಸರದದ." ಅದು ನನ್ನ ಪಾಠದ ಫಲ. ಮುಂದೆ ಅದೂ ಅಂಚಿನಿಂದ ಬೆಳೆದು ಮಾಯಿತು. ಆದರೆ ಚರ್ಮ ಹತ್ತಿತೇ ಹೊರತು ಸ್ಪರ್ಶ ಬರಲಿಲ್ಲ. ಮುಟ್ಟಿದರೆ ಯಾರದೋ ಕಾಲು ಮುಟ್ಟಿದ ಹಾಗೆ. ಅಕ್ಕ ಬಂದಾಗಲೆಲ್ಲ ಚಿವುಟಿ, "ಗೊತ್ತಾತೇನು?" ಎನ್ನುವಳು. ನಾನು ಇಲ್ಲವೆನ್ನುವೆ.

ಇವತ್ತು ಹುಮನಾಬಾದಿನ ಬಸ್ಸಿಗೆ ಕಾಯುತ್ತಿದ್ದಾಗ ಕಾಲು ಚುಳ್ ಎಂದಿತು. ಪ್ಯಾಂಟು ಎತ್ತಿ ನೋಡಿದರೆ ಕೆಂಪಿರುವೆ, ಸರಿಯಾಗಿ ಆ ಚರ್ಮದ ನಟ್ಟನಡುವೆ. ತಕ್ಷಣ ಅಕ್ಕನಿಗೆ ಫೋನು ಹಚ್ಚಿದೆ.

"ಅಕ್ಕಾ, ಇರಿವಿ ಕಡೀತು!"

"ಇರಿವಿ ಕಡದದ್ದಕ್ಕ ಫೋನ್ ಮಾಡ್ತಾರೇನೋ, ಮಾಸ್ತರ?"

"ಆ ಕಾಲಿಗಿ ಅಕ್ಕಾ. ಕಡದಿದ್ದು ಗೊತ್ತಾತು!"

ಅತ್ತ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು. ಆಮೇಲೆ, "ಅದನ್ನ ಕೊಲ್ಲಬ್ಯಾಡೋ" ಎಂದಳು.

ನಾನಾಗಲೇ ಇರುವೆಯನ್ನು ಬೆರಳಿಗೆ ಹತ್ತಿಸಿಕೊಂಡು ಗೋಡೆಗೆ ಬಿಡುತ್ತಿದ್ದೆ. ಹೋಗುವ ಮುಂಚೆ ಅದು ಬೆರಳನ್ನೂ ಕಚ್ಚಿತು.