ಅಮ್ಮನ ಬ್ಯಾಗಿನಲ್ಲಿ ಇಟ್ಟ ಕುಟ್ಟುಂಡೆ

ಏರ್‌ಪೋರ್ಟಿಗೆಂದು ದೇವನಹಳ್ಳಿಯ ಆಚೆ ಲಾರಿಗಳು ಹಗಲೆಲ್ಲ ಮಣ್ಣು ಹೊಡೆಯುತ್ತಿದ್ದ ಕಾಲ ಅದು. ನಲ್ಲೂರಿನ ಮಕ್ಕಳಾದ ನಮಗೆ ಮಾತ್ರ ಹುಣಸೆ ತೋಪೇ ಲೋಕ. ಶಿವರಾತ್ರಿಯ ಹೊತ್ತಿಗೆ ಹಣ್ಣು ಉದುರತೊಡಗಿದರೆ, ಉಪ್ಪು, ಒಣಮೆಣಸಿನಕಾಯಿ, ಜೀರಿಗೆ, ಬೆಲ್ಲ ಸೇರಿಸಿ ಒರಳಲ್ಲಿ ಕುಟ್ಟಿ, ಉಂಡೆ ಮಾಡಿ ಕಡ್ಡಿಗೆ ಸಿಕ್ಕಿಸಿ ಚೀಪುತ್ತಿದ್ದೆವು. ಅದೇ ಕುಟ್ಟುಂಡೆ. ಹಲ್ಲು ಚುಳ್ಳೆಂದು ರಾಗಿಮುದ್ದೆಯೂ ಸೇರದಂತಾಗುತ್ತಿತ್ತು.

ನನಗಾಗ ಒಂಬತ್ತು ವರ್ಷ. ಅಮ್ಮ ಹೆಂಗಸರ ಜೈಲಿನಲ್ಲಿ ವಾರ್ಡರ್. ಖಾಕಿ ಸೀರೆ ಉಟ್ಟು ಮೊದಲ ಬಸ್ಸಿಗೆ ಹೋದರೆ ಬರುತ್ತಿದ್ದುದು ಸಂಜೆಗೆ. ಜೈಲಿನ ಮಾತನ್ನು ಹೊಸ್ತಿಲೊಳಗೆ ತರುತ್ತಿರಲಿಲ್ಲ.

ಆ ವರ್ಷ ನಮ್ಮ ಬೀದಿಯ ಮುನಿಯಮ್ಮಜ್ಜಿಯ ಮನೆಗೆ ಮೊಮ್ಮಗಳು ರೇಣು ಬಂದಳು. ಅಜ್ಜಿಯ ಮಗಳು ಗಂಡನ ಕೊಲೆ ಕೇಸಿನಲ್ಲಿ ನಮ್ಮಮ್ಮನಿದ್ದ ಜೈಲಿನಲ್ಲೇ ಇದ್ದಳು. ಕೈಗೂಸಾಗಿ ತಾಯಿಯ ಜೊತೆ ಒಳಗೆ ಹೋದ ರೇಣು ಅಲ್ಲೇ ಬೆಳೆದವಳು. ಆರು ವರ್ಷ ತುಂಬಿದ ಮಕ್ಕಳನ್ನು ಒಳಗೆ ಇಟ್ಟುಕೊಳ್ಳುವಂತಿರಲಿಲ್ಲ. ಅಜ್ಜಿ ಹೋಗಿ ಕರೆದುಕೊಂಡು ಬಂದಿದ್ದಳು.

ಇಡೀ ಊರಲ್ಲಿ ಅವಳಿಗೆ ಗುರುತಿದ್ದದ್ದು ನಮ್ಮಮ್ಮ ಒಬ್ಬಳೇ. ಸಂಜೆ ಬಸ್ಸಿನ ಹೊತ್ತಿಗೆ ನಮ್ಮ ಜಗುಲಿಯ ಮೇಲೆ ಬಂದು ಕೂರುತ್ತಿದ್ದಳು. ಅಮ್ಮ ಬಂದ ಕೂಡಲೇ ಖಾಕಿ ಸೀರೆಗೆ ಮುಖ ಒತ್ತಿ ಮೂಸುತ್ತಿದ್ದಳು. ಅದರಲ್ಲಿ ಫಿನಾಯಿಲು, ಬೆವರು ಬಿಟ್ಟರೆ ನನಗೇನೂ ಸಿಗುತ್ತಿರಲಿಲ್ಲ.

"ಬಿಡೇ, ನಮ್ಮಮ್ಮ ಅವ್ರು," ಎಂದು ಒಮ್ಮೆ ಅವಳ ಜಡೆ ಹಿಡಿದು ಎಳೆದೆ. ಅವಳು ತಿರುಗಿ ಹೊಡೆಯಲಿಲ್ಲ. ಗೋಡೆಗೆ ಒರಗಿ ನೆಟ್ಟಗೆ ಕೂತಳು. ಮಬ್ಬುಗತ್ತಲಾದ ಮೇಲೆ ಮೆಲ್ಲಗೆ ಕೇಳಿದಳು.

"ಮೇಡಮ್ಮ, ಎಣಿಸಲ್ವಾ?"

ಜೈಲಿನಲ್ಲಿ ದಿನಾ ಸಂಜೆ ಬೀಗ ಹಾಕುವ ಮುಂಚೆ ಎಲ್ಲರ ತಲೆ ಎಣಿಸುತ್ತಾರಂತೆ. ಅಮ್ಮ ನಮ್ಮಿಬ್ಬರ ತಲೆ ಮುಟ್ಟಿ, "ಒಂದು, ಎರಡು. ಸರಿಯಾಗೈತೆ," ಅಂದಳು. ಆಗಲೇ ರೇಣು ಎದ್ದು ಅಜ್ಜಿಯ ಮನೆಗೆ ಹೋದದ್ದು. ಅಂದಿನಿಂದ ದಿನಾ ಸಂಜೆ ನಮ್ಮನ್ನು ಎಣಿಸಬೇಕಾಯಿತು. ನನ್ನ ಹೊಟ್ಟೆಕಿಚ್ಚೂ ಎಲ್ಲೋ ಇಳಿದುಹೋಯಿತು.

ಅವಳಿಗೆ ಮೊದಲ ಕುಟ್ಟುಂಡೆ ಕೊಟ್ಟವಳು ನಾನು. ಕಣ್ಣು ಮುಚ್ಚಿ ಒಂದು ಸಲ ಚೀಪಿ, "ಇದು ಅಮ್ಮಂಗೆ," ಎಂದು ಎತ್ತಿಟ್ಟುಕೊಂಡಳು. ಒಳಗೆ ಕೊಡಲೆಂದು ಸಂಜೆ ನಮ್ಮಮ್ಮನ ಮುಂದೆ ಹಿಡಿದಳು.

"ಆಗಲ್ಲ ಕಂದ. ನಾವು ಒಳಗೆ ಏನೂ ತಗೊಂಡ್ಹೋಗಂಗಿಲ್ಲ," ಅಂದಳು ಅಮ್ಮ.

ರೇಣು ಅಳಲಿಲ್ಲ. ಹಿಡಿದುಕೊಂಡೇ ಕೂತಳು. ಬೆಲ್ಲದ ನೀರು ಮೊಣಕೈವರೆಗೆ ಇಳಿಯಿತು. ನನಗೆ ನೋಡಲಾಗಲಿಲ್ಲ.

ಮಾರನೆಯ ದಿನ ಇಬ್ಬರೂ ಸೇರಿ ಹೊಸದಾಗಿ ಕುಟ್ಟಿದೆವು. ಅವಳು ಹೇಳಿದ್ದನ್ನು ನಾನು ಚೀಟಿಯಲ್ಲಿ ಬರೆದೆ: "ಭೇಟಿಗೆ ಬರ್ತೀನಿ. ಅಳಬೇಡ." ಹೆಸರು ಬರೆಯಲಾ ಎಂದರೆ, "ಬ್ಯಾಡ, ನಾನೇ ಅಂತ ಅಮ್ಮಂಗೆ ಗೊತ್ತಾಗ್ತದೆ," ಅಂದಳು. ಬೆಳಗ್ಗೆ ಅಮ್ಮ ಹಿತ್ತಲಲ್ಲಿದ್ದಾಗ ಆ ಪೊಟ್ಟಣವನ್ನು ಅವಳ ಬ್ಯಾಗಿನಲ್ಲಿ, ಊಟದ ಡಬ್ಬಿಯ ಕೆಳಗೆ ತೂರಿಸಿಟ್ಟೆ. ಅಲ್ಲಿ ಕಣ್ಣಿಗೆ ಬಿದ್ದರೆ ಅಮ್ಮ ಕೊಟ್ಟೇ ಕೊಡುತ್ತಾಳೆ ಎಂದುಕೊಂಡಿದ್ದೆ. ಗೇಟಿನಲ್ಲಿ ಸಿಬ್ಬಂದಿಯ ಬ್ಯಾಗನ್ನೂ ತಡಕುತ್ತಾರೆಂದು ನನಗೇನು ಗೊತ್ತು?

ಚೀಟಿ ಸಿಕ್ಕಿಬಿದ್ದು, ಅಮ್ಮ ಅಂದು ಮಧ್ಯಾಹ್ನಕ್ಕೇ ಬಂದಳು. ಸೀರೆ ಬದಲಿಸದೆ ಅಡುಗೆಮನೆಯ ನೆಲದ ಮೇಲೆ ಕೂತಳು. ನಾನು ಅಳುತ್ತಾ ಎಲ್ಲ ಹೇಳಿದೆ.

"ನಿನ್ನ ಅಕ್ಷರ ನಂಗೆ ಗೊತ್ತಾಗಲ್ವೇನೇ?" ಅಂದಳು.

"ನಾನಿಟ್ಟಿದ್ದು ಅಂತ ಹೇಳ್ಬೇಕಿತ್ತಮ್ಮ."

"ಹೇಳಿದ್ರೆ ಯಾರಿಗೆ ಅಂತ ಕೇಳ್ತಿದ್ರು. ಆ ಹುಡುಗಿ ತಾಯಿಗೆ ಇರೋದೊಂದೇ ಆಸೆ, ಭೇಟಿ. ಅದನ್ನೂ ನಿಲ್ಸಿಬಿಟ್ರೆ?"

ವಿಚಾರಣೆಯಲ್ಲಿ ಎಷ್ಟು ಕೇಳಿದರೂ ಚೀಟಿ ಯಾರಿಗೆಂದು ಅಮ್ಮ ಬಾಯಿ ಬಿಡಲಿಲ್ಲ. ಯುಗಾದಿ ಕಳೆದು ವಾರಕ್ಕೆ ಕಲಬುರಗಿ ಕಡೆಗೆ ವರ್ಗವಾಯಿತು. ಒಂದು ಟ್ರಂಕು, ಒಂದು ಹಾಸಿಗೆ ಸುತ್ತಿಕೊಂಡು ಹೊರಟಳು. ಅಪ್ಪನ ಕೆಲಸ, ನನ್ನ ಸ್ಕೂಲು ಎಂದು ನಾವಿಬ್ಬರೂ ಇಲ್ಲೇ ಉಳಿದೆವು. ಅಂದು ಸಂಜೆ ರೇಣು ಎಂದಿನಂತೆ ಬಂದು ಜಗುಲಿಯಲ್ಲಿ ಕೂತಳು. ಬಸ್ಸು ಬಂದು ಹೋಯಿತು. "ಬರಲ್ಲ ಕಣೇ," ಅಂದೆ. ತಲೆ ಆಡಿಸಿದಳು, ಏಳಲಿಲ್ಲ. ಕೊನೆಗೆ ಮುನಿಯಮ್ಮಜ್ಜಿ ಬಂದು ಎತ್ತಿಕೊಂಡು ಹೋದಳು. ಜೂನಿನಲ್ಲಿ ಅವಳನ್ನು ಎಲ್ಲೋ ಹಾಸ್ಟೆಲಿಗೆ ಸೇರಿಸಿದರು. ತಾಯಿ ಬಿಡುಗಡೆಯಾಗಿ ಮಗಳನ್ನು ಕರೆದುಕೊಂಡು ಹೋದಳೆಂದು ಎಷ್ಟೋ ವರ್ಷದ ಮೇಲೆ ಕೇಳಿದೆ.

ಅಮ್ಮ ಹಬ್ಬಕ್ಕೆ ಎರಡು ದಿನ ಬಂದು ಹೋಗುತ್ತಿದ್ದಳು. ಈ ಕಡೆಗೆ ಮತ್ತೆ ವರ್ಗವಾಗಲು ಐದು ವರ್ಷ ಹಿಡಿಯಿತು. ಅಷ್ಟರಲ್ಲಿ ನಾನು ಅಡುಗೆ ಕಲಿತಿದ್ದೆ, ದೊಡ್ಡವಳಾಗಿದ್ದೆ. ಆ ಸುದ್ದಿಯನ್ನೂ ಅವಳಿಗೆ ಪಕ್ಕದ ಮನೆಯವರೇ ಫೋನಿನಲ್ಲಿ ಹೇಳಿದ್ದು. ಬಂದ ಮಾರನೆಯ ಬೆಳಗ್ಗೆ ಎಣ್ಣೆ, ಬಾಚಣಿಗೆ ಹಿಡಿದು, "ಬಾ, ತಲೆ ಬಾಚ್ತೀನಿ," ಅಂದಳು.

"ನಾನೇ ಬಾಚ್ಕೋತೀನಿ ಬಿಡಮ್ಮ," ಅಂದೆ. ಕೋಪದಿಂದಲ್ಲ. ಅಭ್ಯಾಸವಾಗಿಬಿಟ್ಟಿತ್ತು, ಅಷ್ಟೇ.

ಅಮ್ಮ ಬಾಚಣಿಗೆಯನ್ನು ಕಿಟಕಿಯಲ್ಲಿಟ್ಟು ಒಳಗೆ ಹೋದಳು. ಈಗ ನಿವೃತ್ತಳಾಗಿ ನನ್ನ ಜೊತೆಗೇ ಇದ್ದಾಳೆ. ತಲೆ ಬಾಚ್ತೀನಿ ಬಾ ಎಂದು ಮತ್ತೆ ಅವಳು ಕರೆಯಲಿಲ್ಲ, ಬಾಚು ಎಂದು ನಾನೂ ಕೇಳಲಿಲ್ಲ.