ಮಾಮಾನ ಪುಟಕ್ಕೆ ಬಂದವರು

ಮಾಮಾ ಮೌಸ್ ಹಿಡಿಯುತ್ತಿದ್ದುದು ರೊಟ್ಟಿ ಬಡಿಯುವವರ ಹಾಗೆ. ಅಂಗೈ ಪೂರ್ತಿ ಅದರ ಮೇಲೆ ಊರಿ, ನಾಲಗೆಯ ತುದಿ ಹೊರಗೆ ಚಾಚಿ, ಹಸಿರು ಹರಳಿನ ಉಂಗುರ ಟಕ್ಕೆಂದು ಸದ್ದು ಮಾಡುವಂತೆ ಒತ್ತುತ್ತಿದ್ದ. ಒತ್ತಿದ ಮೇಲೆ, ಯಾರಾದರೂ ನೋಡಿದರೋ ಇಲ್ಲವೋ ಎಂದು ಸುತ್ತಲೂ ಕಣ್ಣಾಡಿಸುತ್ತಿದ್ದ.

ಅವನು ನನ್ನ ತಾಯಿಯ ಅಣ್ಣ. ಸೋಲಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಕಾರಕೂನ. ತನ್ನೂರು ಹನ್ನೂರಿನ ಹೊಲವನ್ನು ತಮ್ಮನಿಗೆ ಬಿಟ್ಟು, ತನ್ನ ಪಾಲಿಗೆ ಸಾಹಿತ್ಯ ಇಟ್ಟುಕೊಂಡವನು. ಯಾವ ಪತ್ರಿಕೆಯೂ ಅವನದೊಂದು ಸಾಲು ಹಾಕಿರಲಿಲ್ಲ. ಪತ್ರಿಕೆಯವರ ಬಗ್ಗೆ ನನಗೆ ಗೌರವ ಹುಟ್ಟಿದ್ದೇ ಆ ಕಾರಣಕ್ಕೆ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಸೋಲಾಪುರದಲ್ಲಿ ಸೈಬರ್ ಕೆಫೆಗಳು ಶುರುವಾದವು. ಅಂಥ ಒಂದರಲ್ಲಿ ನಾನು ಕೆಲಸಕ್ಕಿದ್ದೆ. ಪುಕ್ಕಟೆ ವೆಬ್‌ಪುಟ ಸಿಗುತ್ತದೆ ಎಂಬ ಮಾತು ನನ್ನ ಬಾಯಿಂದ ಬಿದ್ದದ್ದೇ ತಡ, ಮಾಮಾ ವಾರವಾರ ಹಾಜರು. ಕನ್ನಡ ಟೈಪ್ ಮಾಡುವ ಸೌಕರ್ಯ ನಮ್ಮಲ್ಲಿರಲಿಲ್ಲ. ಅವನು ಕೈಯಿಂದ ಬರೆದು ತಂದ ಹಾಳೆಗಳನ್ನು ನಾನು ಸ್ಕ್ಯಾನ್ ಮಾಡಿ ಪುಟಕ್ಕೆ ಏರಿಸಬೇಕಿತ್ತು. ಏನು ಬರೆದ ಅನ್ನುತ್ತೀರಿ? ಕುಂಭಾರಿಯಲ್ಲಿ ಎಸ್‌ಟಿ ಬಸ್ಸು ತಡವಾಗಿ ಬಂದದ್ದು, ಶೇಂಗಾ ಚಟ್ನಿಗೆ ಎಣ್ಣೆ ಯಾವಾಗ ಹಾಕಬೇಕೆಂಬುದು, ಮತ್ತೆ ತನಗೆ ನೆಗಡಿಯಾದದ್ದು. ನೆಗಡಿಯಂತೂ ಕಂತು ಕಂತಾಗಿ ಬಂತು.

"ಇನ್ನ ಸಂಪಾದಕರ ಹಂಗು ಹರೀತು ನೋಡು," ಅಂದ. ಹರಿದದ್ದೇನೋ ಹೌದು. ಓದುಗರು ಮಾತ್ರ ಒಬ್ಬರೂ ಬರಲಿಲ್ಲ.

ಬರಬೇಕಾದರೆ ಕರೆಯಬೇಕಲ್ಲ! ನಮ್ಮಲ್ಲಿ ಕರೆಯದ ಕಾರ್ಯಕ್ಕೆ ಯಾರೂ ಹೋಗುವುದಿಲ್ಲ. ಮಾಮಾ ಕುಂಕುಮ, ಅಕ್ಷತೆ ಹಿಡಿದುಕೊಂಡು, ಮದುವೆಗೆ ಕರೆಯುವವರ ಹಾಗೆ ಬಳಗದ ಮನೆ ಮನೆ ತಿರುಗಿದ. ಅಕ್ಕಲಕೋಟೆಯಲ್ಲಿದ್ದ ನಮ್ಮ ದೊಡ್ಡಮ್ಮನ ಕೈಗೆ, ಎಂದರೆ ಅವನ ಸ್ವಂತ ಅಕ್ಕನ ಕೈಗೆ, ಅಕ್ಷತೆ ಹಾಕಿ, "ನನ್ನ ವೆಬ್‌ಸೈಟಿಗೆ ಎಲ್ಲಾರೂ ಬರ್ರಿ, ಅಕ್ಕಾ," ಅಂದನಂತೆ.

"ಬರತೀವಪಾ," ಅಂದಳಂತೆ ದೊಡ್ಡಮ್ಮ. "ಊಟ ಮಧ್ಯಾನ್ನಕ್ಕೋ, ಸಂಜಿಕೋ?"

ಅದೇ ಹೊತ್ತಿಗೆ ಯಾರೋ ಅವನ ಕಿವಿಗೆ ಇನ್ನೊಂದು ಸುದ್ದಿ ಹಾಕಿದರು. ಪುಟಕ್ಕೆ ಎಷ್ಟು ಜನ ಬಂದರು, ಏನು ತೆರೆದರು, ಎಷ್ಟು ಹೊತ್ತು ಇದ್ದರು ಎಂದು ಎಣಿಸಿ ಹೇಳುವ ಸಾಧನವೊಂದಿದೆ, ಅದೂ ಪುಕ್ಕಟೆ ಎಂದು. ನಾನೇ ಜೋಡಿಸಿಕೊಟ್ಟೆ. ಮಾನ ಹೋಗುವುದಾದರೆ ಲೆಕ್ಕಸಹಿತ ಹೋಗಲಿ ಎಂದುಕೊಂಡೆ.

ಮುಂದಿನ ವಾರ ತೆರೆದು ನೋಡಿದರೆ ಬಂದವರು ಒಬ್ಬರೇ. ಆದರೆ ಆ ಒಬ್ಬರು ಎಲ್ಲ ಬರಹಗಳನ್ನೂ ತೆರೆದಿದ್ದರು. ಒಂದೊಂದರ ಮುಂದೆಯೂ ಅರ್ಧ ಗಂಟೆ ಕೂತಿದ್ದರು.

"ಒಂದ ಹಾಳಿಗೆ ಅರ್ಧಾ ತಾಸು!" ಮಾಮಾ ಕುರ್ಚಿಯಿಂದ ಎದ್ದೇಬಿಟ್ಟ. "ಯಾರೋ ಭಾರೀ ವಿದ್ವಾನ ಇರಬೇಕು. ಒಂದೊಂದ ಶಬ್ದಾ ಚಪ್ಪರಿಸಿ ಓದಾಕತ್ತಾನ."

ಅಂದಿನಿಂದ ಕೆಫೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬರತೊಡಗಿದ. ಪ್ರತಿ ಬರಹದ ಕೊನೆಗೆ ಆ ವಿದ್ವಾಂಸನ ಕ್ಷೇಮಸಮಾಚಾರ ವಿಚಾರಿಸತೊಡಗಿದ. ಪುಣೆಯವನೋ ಧಾರವಾಡದವನೋ ಎಂದು ಕಚೇರಿಯಲ್ಲೆಲ್ಲ ಡಂಗುರ ಸಾರಿದ. ಕೊನೆಗೆ ಅವನನ್ನು ಹುಡುಕಿ ಮನೆಗೆ ಊಟಕ್ಕೆ ಕರೆಯುವುದೇ ಸೈ ಎಂದು ಹಟ ಹಿಡಿದ. ಕೇಳಿ ಕೇಳಿ ನನಗೆ ರೋಸಿಹೋಯಿತು.

"ಮಾಮಾ, ಸಾಕ ಮಾಡು. ಅದು ನಾನ. ಆ ಮೂಲ್ಯಾಗಿನ ಮಷೀನಿನ ಮುಂದ ಕುಂತು ಓದತೀನಿ."

ಯಾಕೆ ಓದುತ್ತೇನೆ ಎಂದು ಹೇಳಲಿಲ್ಲ. ಮನೆಯಲ್ಲಿ ಊಟದ ಹೊತ್ತಿಗೆ ಅವನನ್ನು ಅಣಕಿಸಲು ನನಗೆ ಸಾಮಗ್ರಿ ಬೇಕಿತ್ತು, ಅಷ್ಟೇ.

ಮಾಮಾ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನಗ ಕನ್ನಡಾ ಓದಾಕ ಎಲ್ಲಿ ಬರತೈತಿ? ಮರಾಠಿ ಸಾಲಿ ಕಲ್ತಾಕಿ ನೀ!"

ಬರುತ್ತಿರಲಿಲ್ಲ, ಅದಕ್ಕೇ ಅರ್ಧ ಗಂಟೆ. ಮನೆಮಾತು ಕನ್ನಡವಾದರೂ ಶಾಲೆಯಲ್ಲಿ ನಾನು ಕಲಿತದ್ದೆಲ್ಲ ಮರಾಠಿ. ದೊಡ್ಡಮ್ಮನ ಮನೆಯ ಕನ್ನಡ ಕ್ಯಾಲೆಂಡರ್ ನೋಡಿ ಗುರುತು ಹಿಡಿದ ಅಕ್ಷರಗಳನ್ನು, ಪರದೆಯ ಮೇಲೆ ಬೆರಳಿಟ್ಟು ಒಂದೊಂದಾಗಿ ಕೂಡಿಸುತ್ತಿದ್ದೆ. ನಂಬದಿದ್ದರೆ ನೋಡು ಎಂದು ಅವನೆದುರಿಗೇ ನೆಗಡಿಯ ಪುಟ ತೆರೆದು ಓದತೊಡಗಿದೆ. ಒತ್ತಕ್ಷರ ಬಂದಲ್ಲೆಲ್ಲ ಎಡವಿದೆ. ಮಾಮಾನ ನಗು ನಿಂತಿತು. ಇನ್ನು ಇವನ ಸಾಹಿತ್ಯ ಮುಗಿಯಿತು ಎಂದು ನನಗೆ ಖುಷಿಯೇ ಆಯಿತು. ಅವನು ಎದ್ದು ಹೋದ.

ಮುಂದಿನ ವಾರ ಮತ್ತೆ ಬಂದ. ಈ ಸಲದ ಹಾಳೆಗಳಲ್ಲಿ ಅಕ್ಷರಗಳು ಹುಣಸೆಬೀಜದಷ್ಟು ದಪ್ಪ. ಶಬ್ದ ಶಬ್ದಗಳ ನಡುವೆ ಬೆರಳಗಲ ಜಾಗ. ಒತ್ತಕ್ಷರಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಬರೆದಿದ್ದ.

"ಏನ ಮಾಮಾ ಇದು?"

"ಏನಿಲ್ಲ. ನನ್ನ ಕಣ್ಣ ಮಂಜಾಗ್ಯಾವ," ಅಂದ.

ಸಾಯುವ ತನಕ ಅವನ ಕಣ್ಣುಗಳು ಚೆನ್ನಾಗಿಯೇ ಇದ್ದವು. ಬರವಣಿಗೆ ಮಾತ್ರ ಸಾಯುವ ತನಕ ಸುಧಾರಿಸಲಿಲ್ಲ. ಸತ್ತವನೆಂದು ನಾನು ಸುಳ್ಳು ಹೊಗಳಲಾರೆ. ಆ ಪುಟ ಎಂದೋ ಅಳಿಸಿಹೋಯಿತು, ಅದರಿಂದ ಯಾರಿಗೂ ನಷ್ಟವಾಗಿಲ್ಲ. ಆದರೆ ನಾನು ಕನ್ನಡ ಓದಲು ಕಲಿತದ್ದು ಅದರಲ್ಲೇ. ಆಮೇಲೆ ಎಂಥೆಂಥ ಒಳ್ಳೆಯ ಪುಸ್ತಕಗಳನ್ನು ಓದಿದ್ದೇನೆ. ಅವುಗಳಲ್ಲಿ ಒಂದನ್ನೂ ಯಾರೂ ನನಗೊಬ್ಬಳಿಗಾಗಿ ಬರೆದಿರಲಿಲ್ಲ.