ಕುಸುಮಮ್ಮನಿಗೆ ನಾನು ಕೊಡಿಸಿದ ಶೇಕಡಾ ತೊಂಬತ್ತು

2023 ಸೆಪ್ಟೆಂಬರ್ 4, ಸೋಮವಾರ, ಬೆಳಿಗ್ಗೆ 10 ಗಂಟೆ 20 ನಿಮಿಷ. ಕೊಳಾಲ ಹೋಬಳಿಯ ಒಂದು ಪಂಚಾಯಿತಿಯಲ್ಲಿ ನಾನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತನಾಗಿ ಸೇರಿ ಮೂರು ವರ್ಷವಾಗಿತ್ತು. ಅಂಗವಿಕಲರಿಗೆ ಪ್ರಮಾಣಪತ್ರ, ಪಿಂಚಣಿ, ಊರುಗೋಲು, ವ್ಹೀಲ್‌ಚೇರ್ ಕೊಡಿಸಲು ಓಡಾಡುವುದು ಈ ಕೆಲಸ. ಅಂದಿನವರೆಗೆ 41 ಜನರಿಗೆ ಪ್ರಮಾಣಪತ್ರ ಮಾಡಿಸಿದ್ದೆ. ಪ್ರತಿಯೊಬ್ಬರ ಹೆಸರು, ತಾರೀಖು, ಅಂಗವೈಕಲ್ಯದ ಶೇಕಡಾವಾರು ನನ್ನ ನೋಟ್‌ಬುಕ್ಕಿನಲ್ಲಿವೆ.

ಅಂದು ನರಸಮ್ಮ ಸೊಸೆಯನ್ನು ಆಟೋದಲ್ಲಿ ಕೂರಿಸಿಕೊಂಡು ಬಂದರು. ಹೆಸರುಗಳನ್ನು ಬದಲಿಸಿದ್ದೇನೆ. ಸೊಸೆ ಕುಸುಮಮ್ಮ ಶ್ರೀಲಂಕಾದವರು. ಕುವೈತಿನಲ್ಲಿ ಅವರು ಅಡುಗೆ ಮಾಡುತ್ತಿದ್ದ ಮನೆಗೇ ನರಸಮ್ಮನ ಮಗ ಡ್ರೈವರ್ ಆಗಿದ್ದ. ಮದುವೆಯಾಗಿ 2009ರಲ್ಲಿ ಊರಿಗೆ ಬಂದರು. 2014ರಲ್ಲಿ ಗಂಡ ತೀರಿಕೊಂಡ. ಭಾರತೀಯನ ಹೆಂಡತಿಯಾಗಿ ಪೌರತ್ವ ಕೇಳಲು ಇಲ್ಲಿ ಏಳು ವರ್ಷ ಇದ್ದಿರಬೇಕಿತ್ತು, ಅಷ್ಟು ತುಂಬಿರಲಿಲ್ಲ. ಇನ್ನು ಉಳಿದದ್ದು ದೀರ್ಘಕಾಲ ಇಲ್ಲೇ ವಾಸವಿದ್ದವರು ಹಾಕುವ ಅರ್ಜಿ ಎಂದು ಮಧುಗಿರಿಯ ವಕೀಲರು ಹೇಳಿದ್ದರು. ಅದಕ್ಕೆ ಸಂವಿಧಾನದ ಪಟ್ಟಿಯಲ್ಲಿರುವ ಒಂದು ಭಾಷೆ, ಇವರಿಗಾದರೆ ಕನ್ನಡ, ಚೆನ್ನಾಗಿ ಬರುತ್ತದೆ ಎಂಬ ದೃಢೀಕರಣ ಬೇಕು. ಕಾಗದಗಳೆಲ್ಲ ಕೂಡಿಬರುವ ಹೊತ್ತಿಗೆ, 2023ರ ಮಾರ್ಚ್ ತಿಂಗಳಲ್ಲಿ, ಕುಸುಮಮ್ಮನಿಗೆ ಸ್ಟ್ರೋಕ್ ಹೊಡೆದು ಬಲಗೈ ಮತ್ತು ಮಾತು ಎರಡೂ ಹೋದವು.

"ಮಾತಾಡ್ತಿದ್ದಾಗ ಇವ್ಳ ಬಾಯಿಗೆ ಹೆದ್ರಿ ನಮ್ಮೂರ ಹೆಂಗಸ್ರು ನಲ್ಲಿ ತಾವಿಂದ ಬಿಂದಿಗೆ ಎತ್ಕಂಡು ಹೋಗೋರು. ಈಗ ಇವ್ಳಿಗೆ ಕನ್ನಡ ಬತ್ತದಾ ಅಂತ ಕಾಗ್ದ ಕೇಳ್ತಾರಲ್ಲಪ್ಪ," ಎಂದರು ನರಸಮ್ಮ. ಕುಸುಮಮ್ಮ ನಕ್ಕರು. ಎಲ್ಲವೂ ಅರ್ಥವಾಗುತ್ತಿತ್ತು.

ಅವರ ವಾಸದ ಪರವಾನಗಿಯನ್ನು ಪ್ರತಿ ವರ್ಷ ನವೀಕರಿಸಬೇಕು. ಒಂದು ವರ್ಷ ನಿರಾಕರಿಸಿದರೂ ದೇಶ ಬಿಡಬೇಕು. ಎಂಟನೇ ತರಗತಿಯ ಮಗಳು ಭೂಮಿಕಾ ಹುಟ್ಟಿನಿಂದ ಭಾರತೀಯಳು, ಅವಳು ಇಲ್ಲೇ ಉಳಿಯುತ್ತಾಳೆ.

ಪೌರತ್ವದ ಅರ್ಜಿ ತೆಗೆದುಕೊಳ್ಳುವ ತುಮಕೂರಿನ ಜಿಲ್ಲಾಧಿಕಾರಿ ಕಚೇರಿಗೆ ಫೋನ್ ಮಾಡಿದಾಗ ಗುಮಾಸ್ತರೊಬ್ಬರು, ಮಾತು ಬಾರದವರಿಗೆ ಭಾಷಾ ದೃಢೀಕರಣದಿಂದ ವಿನಾಯಿತಿ ಇರಬಹುದು, ವೈದ್ಯಕೀಯ ಪ್ರಮಾಣಪತ್ರ ತನ್ನಿ, ನೋಡೋಣ ಎಂದರು. "ಇರಬಹುದು" ಎಂಬ ಮಾತನ್ನು ನಾನು "ಇದೆ" ಎಂದೇ ತೆಗೆದುಕೊಂಡೆ.

ಸೆಪ್ಟೆಂಬರ್ 9ರಿಂದ ಪ್ರತಿ ಶನಿವಾರ ಅವರ ಮನೆಗೆ ಹೋದೆ. ಹೋದಾಗಲೆಲ್ಲ ಅವರ ಬಾಯಿಗೆ ಮರಳಿದ ಪದಗಳನ್ನು ಎಣಿಸಿ ಬರೆದೆ. ಮೊದಲ ದಿನ 11. ಅಕ್ಟೋಬರ್ 7ಕ್ಕೆ 26. ಒಂದು ಶನಿವಾರ ಶ್ರೀಲಂಕಾದಿಂದ ಅಕ್ಕನ ಫೋನ್ ಬಂತು. ಅಕ್ಕ ಸಿಂಹಳದಲ್ಲಿ ಮಾತನಾಡುತ್ತ ಅಳುತ್ತಿದ್ದರು. ಕುಸುಮಮ್ಮ ತುಟಿ ಆಡಿಸಿ ಆಡಿಸಿ, ಕೊನೆಗೆ "ಅಂಗಲ್ಲ ಕಣೆ... ಅಂಗಲ್ಲ" ಎಂದರು. ಹುಟ್ಟಿದೂರಿನ ಮಾತಿನ ಒಂದು ಪದವೂ ಬಾಯಿಗೆ ಬರಲಿಲ್ಲ. ಉಳಿದಿದ್ದು ನಮ್ಮ ಕೊಳಾಲದ ಕನ್ನಡ ಮಾತ್ರ.

ಇನ್ನು ನನ್ನ ತಪ್ಪಿನ ವಿಷಯ. ನಮ್ಮ ಕೆಲಸದಲ್ಲಿ ಶೇಕಡಾ ನಲವತ್ತು ದಾಟಿದರೆ ಅಂಗವಿಕಲರ ಕಾರ್ಡು, ಎಪ್ಪತ್ತೈದು ಮುಟ್ಟಿದರೆ ಹೆಚ್ಚಿನ ಪಿಂಚಣಿ. ಹಾಗಾಗಿ ಶೇಕಡಾವಾರು ನಿರ್ಧರಿಸುವ ವೈದ್ಯಕೀಯ ಬೋರ್ಡಿಗೆ ಹೋಗುವ ಮೊದಲು, ವೈದ್ಯರ ಮುಂದೆ ಗಟ್ಟಿಯಾಗಿರುವಂತೆ ತೋರಿಸಿಕೊಳ್ಳಬೇಡಿ ಎಂದು ಹೇಳಿಕೊಡುವುದು ನಮ್ಮಲ್ಲಿ ರೂಢಿ. ಹಿರಿಯರು ನನಗೆ ಹೇಳಿಕೊಟ್ಟದ್ದೂ ಅದನ್ನೇ.

ಅಕ್ಟೋಬರ್ 11ರಂದು ಮಧುಗಿರಿಯಲ್ಲಿ ಆ ಬೋರ್ಡಿನ ಶಿಬಿರವಿತ್ತು. ಶಿರಾ, ಪಾವಗಡದಿಂದಲೂ ಜನ ಬಂದಿದ್ದರು. ನಮ್ಮ ಟೋಕನ್ 63. ಏನು ಕೇಳಿದರೂ ಸುಮ್ಮನಿರಿ ಎಂದು ಕುಸುಮಮ್ಮನಿಗೆ ಮೂರು ಸಲ ಹೇಳಿದೆ. ವೈದ್ಯರು ಹೆಸರು ಕೇಳಿದರು. ಕುಸುಮಮ್ಮ ನನ್ನತ್ತ ನೋಡಿದರು. ನಾನು ಬೇಡವೆಂದು ತಲೆಯಾಡಿಸಿದೆ. ವೈದ್ಯರು ಮೇಜಿನ ಮೇಲೆ ಪೆನ್ನು, ಲೋಟ, ಬೀಗದಕೈ ಇಟ್ಟು, ಬೀಗದಕೈ ಯಾವುದು, ಮುಟ್ಟಿ ತೋರಿಸಿ ಎಂದರು. ಕುಸುಮಮ್ಮ ಎಡಗೈಯನ್ನು ಮಡಿಲಿನಿಂದ ತೆಗೆಯಲೇ ಇಲ್ಲ.

ಹೊರಗೆ ಬೇವಿನ ಮರದಡಿ ಬಂದ ಮೇಲೆ ನನ್ನ ತೋಳು ಹಿಡಿದು, "ಬೀಗದ್ಕೈ... ಗೊತ್ತಿತ್ತು," ಎಂದರು. ಬೀಗದ್ಕೈಯನ್ನು ನಾನು 27ನೇ ಪದವಾಗಿ ಬರೆದುಕೊಂಡೆ. ಖುಷಿಯಿಂದಲೇ ಬರೆದುಕೊಂಡೆ.

ನವೆಂಬರ್ 3ಕ್ಕೆ ಪ್ರಮಾಣಪತ್ರ ಬಂತು: ಶೇಕಡಾ 90, ಮಾತು ಮತ್ತು ಗ್ರಹಿಕೆ ಎರಡೂ ಇಲ್ಲ. ನಾನು ಮಾಡಿಸಿದ್ದರಲ್ಲಿ ಅದೇ ಅತಿ ಹೆಚ್ಚು. ಭಾಷಾ ದೃಢೀಕರಣವೂ ಜೊತೆಗಿದ್ದರೆ ಅರ್ಜಿ ಗಟ್ಟಿ ಎಂದುಕೊಂಡು, ಮೂರು ದಿನಗಳ ನಂತರ ಅದನ್ನು ಹಿಡಿದು ಆ ಊರಿನ ನಿವೃತ್ತ ಹೆಡ್‌ಮಾಸ್ತರರ ಮನೆಗೆ ಹೋದೆ. ಕುಸುಮಮ್ಮನಿಗೆ ಕನ್ನಡ ಬರುತ್ತದೆ ಎಂದು ದೃಢೀಕರಿಸಲು ಒಪ್ಪಿದ್ದವರು ಅವರು. ಎರಡು ಸಲ ಓದಿ ಕನ್ನಡಕ ತೆಗೆದರು.

"ಹದಿನಾಲ್ಕು ವರ್ಷದಿಂದ ಈ ತಾಯಿ ಮಾತು ಕೇಳಿದೀನಿ ಕಣಪ್ಪ. ಆದ್ರೆ ನಾನು ಕನ್ನಡ ಬತ್ತದೆ ಅಂತ ಬರೆದು ಇದರ ಪಕ್ಕ ಇಟ್ರೆ, ಎರಡರಲ್ಲಿ ಒಂದು ಸುಳ್ಳಾಯ್ತದಲ್ಲ. ಯಾವುದನ್ನ ಸುಳ್ಳು ಮಾಡ್ತೀಯ?"

ದೃಢೀಕರಣವಿಲ್ಲದೆ, ವಿನಾಯಿತಿ ಕೋರಿದ ಪತ್ರದೊಡನೆ ಅರ್ಜಿ ಕಳಿಸಿದೆವು. 2024 ಜನವರಿ 30ರಂದು ವಾಪಸ್ ಬಂತು: ಅನಾರೋಗ್ಯದ ಕಾರಣಕ್ಕೆ ಭಾಷೆಯ ವಿನಾಯಿತಿ ಕೊಡುವ ನಿಯಮ ತಮ್ಮ ಗಮನದಲ್ಲಿಲ್ಲ, ಭಾಷಾ ದೃಢೀಕರಣ ಲಗತ್ತಿಸಿ.

ಫೆಬ್ರವರಿ 14ರಂದು ಮರುಪರೀಕ್ಷೆ ಕೇಳಲು ಅದೇ ವೈದ್ಯರ ಬಳಿ ಹೋದೆ. ಅಂದು ಸುಮ್ಮನಿರಿ ಎಂದವನು ನಾನೇ ಎಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ. "ಅದನ್ನೇ ಬರೆದು ಸಹಿ ಮಾಡಿ ಕೊಡಿ," ಎಂದರು. ಬರೆದುಕೊಟ್ಟರೆ ನಾನು ಮಾಡಿಸಿದ ಉಳಿದ ಪ್ರಮಾಣಪತ್ರಗಳ ಗತಿಯೇನು, ನಿಜವಾಗಿ ನಡೆಯಲಾರದವರ ಪಿಂಚಣಿಗೂ ಕುತ್ತು ಬಂದರೆ ಎಂದು ಹೆದರಿ ಒಂಬತ್ತು ದಿನ ತಡಮಾಡಿದೆ. 23ರಂದು ಪತ್ರ ಹಿಡಿದು ಹೋದಾಗ ಆ ವೈದ್ಯರಿಗೆ ವರ್ಗವಾಗಿತ್ತು. ಹೊಸಬರು, ಹಳೆಯ ಕಡತ ಬರಲಿ ಎಂದರು. ಅಲ್ಲಿಂದ ಇಲ್ಲಿಯವರೆಗೆ ಹನ್ನೊಂದು ಸಲ ಹೋಗಿದ್ದೇನೆ. ಕಡತ ಬಂದಿಲ್ಲ.

ಕುಸುಮಮ್ಮ ಈಗ ಸಣ್ಣ ವಾಕ್ಯಗಳನ್ನು ಆಡುತ್ತಾರೆ. ಕಳೆದ ವಾರ ನರಸಮ್ಮ ನನ್ನೆದುರಿಗೇ, "ಮಾತು ಬಂದ್ರೂ ಕಷ್ಟ, ಬರ್ದೇ ಇದ್ರೂ ಕಷ್ಟ, ಅಂಗಾರೆ ನಾವೇನ್ ಮಾಡಾನ?" ಎಂದರು. ಜನರಿಗೆ ಏನು ಮಾಡಲು ಆಗುವುದಿಲ್ಲ ಎಂಬುದನ್ನು ಸಾಬೀತು ಮಾಡುವುದನ್ನಷ್ಟೇ ನಾನು ಕಲಿತಿದ್ದೆ. ಏನು ಮಾಡಲು ಆಗುತ್ತದೆ ಎಂದು ಮೊದಲು ಅವರನ್ನೇ ಕೇಳಬೇಕಿತ್ತು. ಈಗ ಯಾರನ್ನೂ ಸುಮ್ಮನಿರಿ ಎನ್ನುವುದಿಲ್ಲ. ಅದರಿಂದ ಕುಸುಮಮ್ಮನಿಗೆ ಏನೂ ಪ್ರಯೋಜನವಿಲ್ಲ.

ಅವರ ಪರವಾನಗಿ ಬರುವ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಕಾಯಿಲೆಯಿಂದ ಮಾತು ಕಳೆದುಕೊಂಡವರಿಗೆ ಪೌರತ್ವದ ಅರ್ಜಿಯಲ್ಲಿ ಭಾಷೆಯ ವಿನಾಯಿತಿ ಸಿಕ್ಕ ಒಂದೇ ಒಂದು ಪ್ರಕರಣ ಬಲ್ಲವರು, ಅಥವಾ ಯಾವ ಅಧಿಕಾರಿಯನ್ನು ಕೇಳಬೇಕೆಂದು ತಿಳಿದವರು ದಯವಿಟ್ಟು ಪ್ರಕಾಶಕರ ಮೂಲಕ ನನಗೆ ಬರೆಯಿರಿ. ಆದೇಶದ ಸಂಖ್ಯೆ, ತಾರೀಖು ಇದ್ದರೆ ಸಾಕು, ಉಳಿದದ್ದನ್ನು ನಾನು ಹುಡುಕಿಕೊಳ್ಳುತ್ತೇನೆ. ಡಿಸೆಂಬರಿಗೆ ಮೊದಲು ಬರೆಯಿರಿ.